ಸಂಗಿಲಿ ಆಡಿದ ಮಾತು

ನಿರ್ದೇಶಕ ಕದಿರವನ್ ಯಾರ ಮೇಲೂ ಕೈ ಮಾಡದೆ ಒಂದು ಸಿನಿಮಾ ಮುಗಿಸಿದ ಅಂತ ಹೇಳಿದ್ದರೆ ಮದರಾಸಿನ ಸಿನಿಮಾ ಕೇರಿ ಕೋಡಂಬಾಕ್ಕಂನ ಟೀ ಅಂಗಡಿಯವನೂ ನಕ್ಕುಬಿಡುತ್ತಿದ್ದ. ನಾಯಕಿ ಅಳಬೇಕಾದರೆ ಗ್ಲಿಸರಿನ್ ಹಾಕುವುದು ಅವನ ಲೆಕ್ಕದಲ್ಲಿ ಮೋಸ. ಕೆನ್ನೆಗೆ ಎರಡು ಬಿಟ್ಟರೆ ಕಣ್ಣೀರು ತಾನೇ ಬರುತ್ತದೆ, ಅದಕ್ಕೆ ಸೀಸೆ ಯಾಕೆ ಅನ್ನುತ್ತಿದ್ದ. ಫೈಟರ್‌ಗಳು ಅವನ ಸೆಟ್ಟಿಗೆ ಬರುವಾಗ ಹೆಂಡತಿಗೆ ಹೇಳಿ ಬರುತ್ತಿದ್ದರು. ಅವನ ಸಹಾಯಕ ನೆಡುಮಾರನ್‌ಗಂತೂ ಎಡಗಿವಿ ಅರ್ಧ ಹೋಗಿತ್ತು, ಅದೂ ಒಂದೇ ಏಟಿಗೆ ಹೋದದ್ದಲ್ಲ, ವರ್ಷಗಟ್ಟಲೆ ತಿಂದ ಏಟಿಗೆ. ಆದರೂ ಅವನು ಬಿಟ್ಟು ಹೋಗಲಿಲ್ಲ. ಹಾಲು ಕೊಡುವ ಹಸು ಒದ್ದರೆ ಒದೆಸಿಕೊಳ್ಳಬೇಕು ಎಂಬ ಗಾದೆಯನ್ನು ನಂಬಿಕೊಂಡು ಕೆಟ್ಟವರಲ್ಲಿ ಅವನೂ ಒಬ್ಬ.

ಕದಿರವನ್ ಅಂತ ಹೆಸರಿಟ್ಟುಕೊಂಡದ್ದು ಮದರಾಸಿಗೆ ಬಂದಮೇಲೆ. ಹುಟ್ಟು ಹೆಸರು ಮೂಕಯ್ಯ, ಊರು ಮಧುರೆಯ ಪಡುವಣಕ್ಕಿರುವ ವೇಲಂಕುಳಂ. ಅವನಿಗಿನ್ನೂ ಮೀಸೆ ಚಿಗುರುತ್ತಿದ್ದ ವಯಸ್ಸಿನಲ್ಲಿ ಅವನ ಅಣ್ಣ ವೆಳ್ಳೈಚ್ಚಾಮಿ ಊರ ಕೆರೆಯಂಚಿನಲ್ಲಿ ಸಂಗಿಲಿ ಎಂಬವನನ್ನು ಮಚ್ಚಿನಿಂದ ಕೊಚ್ಚಿ ಹಾಕಿದ. ಜಗಳ ತೂಬಿನ ನೀರಿನದು. ಸಂಗಿಲಿ ಸರದಿ ತಪ್ಪಿಸಿ ತೂಬು ಎತ್ತಿದ್ದ, ಅದಕ್ಕಿಂತ ಹೆಚ್ಚಿನ ಪಾಪ ಏನೂ ಮಾಡಿರಲಿಲ್ಲ. ಬೆಳಗಿನ ಹೊತ್ತು ಅವನು ನೀರಿನ ಬದಿಗೆ ಕುಕ್ಕರಗಾಲಲ್ಲಿ ಕೂತು ಮುಖಕ್ಕೆ ನೀರು ಹಾಕಿಕೊಳ್ಳುತ್ತಿದ್ದ. ವೆಳ್ಳೈಚ್ಚಾಮಿ ಕೆರೆಯ ಏರಿಯಿಂದ ಇಳಿದು ಬರುವುದನ್ನು ನೋಡಿ, ಪಕ್ಕದ ಮನೆಯವನಿಗೆ ಹೇಳುವ ಹಾಗೆ, “ಸ್ವಲ್ಪ ಇರು ವೆಳ್ಳೈ, ಮುಖ ತೊಳ್ಕೊಂಡು ಬರ್ತೀನಿ. ಕೂತು ಮಾತಾಡೋಣ” ಅಂದ.

ವೆಳ್ಳೈ ಕಾಯಲಿಲ್ಲ. ಮೊದಲ ಏಟಿಗೆ ಅಡ್ಡ ಬಂದ ಕೈ ಮಣಿಕಟ್ಟಿನ ಚರ್ಮದಲ್ಲಿ ಜೋತುಬಿತ್ತು. ಎರಡನೆಯದು ಕುತ್ತಿಗೆಗೆ ಬಿತ್ತು. ಮೂರನೆಯದು ಯಾಕೆ ಹಾಕಿದನೋ, ಅಷ್ಟು ಹೊತ್ತಿಗೆ ಸಂಗಿಲಿಯ ಮುಖ ನೀರಿನೊಳಗೇ ಇತ್ತು. ಏರಿಯ ಮೇಲೆ ನಿಂತಿದ್ದ ಮೂಕಯ್ಯ ಅಷ್ಟನ್ನೂ ನೋಡಿದ. ಆ ಮಾತನ್ನೂ ಕೇಳಿದ.

ಅಣ್ಣನಿಗೆ ಜೀವಾವಧಿ ಆಯಿತು. ತಮ್ಮ ಮದರಾಸಿನ ಬಸ್ಸು ಹತ್ತಿದ. ಶೂಟಿಂಗ್ ಊಟದ ಎಲೆ ಎತ್ತಿ, ಕ್ಲ್ಯಾಪ್ ಹಲಗೆ ಹಿಡಿದು, ಎರಡು ಮೂರು ನಿರ್ದೇಶಕರ ಕೈಯಲ್ಲಿ ತಾನೂ ಏಟು ತಿಂದು, ಕೊನೆಗೆ ಒಂದು ಸಿನಿಮಾ ಮಾಡಿದ. ಅದರಲ್ಲಿ ಕೆರೆಯಿತ್ತು, ಏರಿಯಿತ್ತು, ಮಚ್ಚಿತ್ತು. ನಾಯಕ ವೆಳ್ಳೈಯ ಹಾಗೆ ಹೆಗಲು ಓರೆ ಮಾಡಿ ನಡೆದು ಬಂದ. ಸತ್ತವನು ಮಾತ್ರ ಸಂಗಿಲಿಯ ಹಾಗಿರಲಿಲ್ಲ. ತೂಬು ಎತ್ತಿದವನನ್ನು ಕೊಂದರೆ ಯಾರು ಶಿಳ್ಳೆ ಹೊಡೆಯುತ್ತಾರೆ? ಹಾಗಾಗಿ ಅವನು ಹೆಣ್ಣು ಕೆಡಿಸುವವನಾದ, ಮನೆ ಸುಡುವವನಾದ. ಸಾಯುವ ಮುನ್ನ ತೊಡೆ ತಟ್ಟಿ, “ನಿಮ್ಮನೆ ಹೆಂಗಸರನ್ನ ಒಳಗೆ ಕೂಡಿಹಾಕ್ಕೊಳ್ರೋ, ನಾನು ಬಂದೆ” ಅಂದ. ಸಿನಿಮಾ ಬೆಳ್ಳಿಹಬ್ಬ ಕಂಡಿತು. ಆಮೇಲಿನ ಸಿನಿಮಾಗಳಲ್ಲೂ ಅದೇ ಕೆರೆ, ಅದೇ ಮಚ್ಚು, ಇನ್ನಷ್ಟು ರಕ್ತ. ಸತ್ತವನ ಮೇಲೆ ಸವಾರಿ ಮಾಡಿ ಬೆಳೆದ ಸಂಪತ್ತು ಅದು.

ಇತ್ತ ವೇಲಂಕುಳಂನ ಬಸ್ ನಿಲ್ದಾಣದಲ್ಲಿ ಸಂಗಿಲಿಯ ಮಗಳು ರಾಕ್ಕಾಯಿ ಟೀ ಅಂಗಡಿ ಇಟ್ಟಳು. ಅಪ್ಪ ಸತ್ತಾಗ ತೊಟ್ಟಿಲಲ್ಲಿದ್ದವಳು. ಊರ ಹುಡುಗರು ಟೀ ಕೇಳುವಾಗ ತೊಡೆ ತಟ್ಟಿ, “ನಿಮ್ಮನೆ ಹೆಂಗಸರನ್ನ ಕೂಡಿಹಾಕ್ಕೊಳ್ರೋ” ಅನ್ನುತ್ತಿದ್ದರು. ಯಾರ ಮಗಳು ಅಂತ ಎಲ್ಲರಿಗೂ ಗೊತ್ತಿತ್ತಲ್ಲ.

ಕಾಲ ಒಂದೇ ಥರ ಇರುವುದಿಲ್ಲ. ಕದಿರವನ್‌ನ ಸಿನಿಮಾಗಳು ಒಂದರ ಮೇಲೊಂದು ಮಲಗಿದವು. ಹಂಚಿಕೆದಾರರು ಅವನನ್ನು ಕಂಡರೆ ರಸ್ತೆ ದಾಟುವಂತಾಯಿತು. ಈ ಸಲದ್ದೂ ಬಿದ್ದರೆ ತನ್ನನ್ನು ಸ್ಟುಡಿಯೋ ಗೇಟಿನ ಕಾವಲುಗಾರನೂ ಒಳಗೆ ಬಿಡುವುದಿಲ್ಲ ಅಂತ ಅವನಿಗೆ ಖಾತ್ರಿಯಾಗಿತ್ತು. ಆಗ ಹೊಳೆಯಿತು: ವೇಲಂಕುಳಂನಲ್ಲೇ, ಅದೇ ಕೆರೆಯಲ್ಲೇ ತೆಗೆಯಬೇಕು. ಸಂಗಿಲಿಯ ಪಾತ್ರ ತಾನೇ ಮಾಡಬೇಕು. ಕೊಚ್ಚುವವನು ನಟನಾಗಿರಬಾರದು, ನಿಜವಾಗಿ ಕೊಚ್ಚಿದವನಾಗಿರಬೇಕು.

ಜೈಲಿನಿಂದ ಬಂದಿದ್ದ ವೆಳ್ಳೈಚ್ಚಾಮಿ ಏರಿಯ ಮೇಲಿನ ಕರುಪ್ಪಸಾಮಿ ಗುಡಿಯಲ್ಲಿ ಕಸ ಗುಡಿಸಿಕೊಂಡಿದ್ದ. ಕಬ್ಬಿಣದ ಅಲಗು ಮುಟ್ಟುವುದಿಲ್ಲ ಅಂತ ಆ ದೇವರಿಗೆ ಹರಕೆ ಹೊತ್ತಿದ್ದ. ಈರುಳ್ಳಿ ಹೆಚ್ಚಬೇಕಾದರೂ ಹೆಂಡತಿಯೇ ಬರಬೇಕು. ತಮ್ಮ ಬಂದು ಕಥೆ ಹೇಳಿದಾಗ ಅವನು ಪೊರಕೆ ಕೆಳಗಿಡಲಿಲ್ಲ.

“ಜೈಲಲ್ಲಿ ಪೊಂಗಲ್ ದಿನ ನಿನ್ನ ಸಿನಿಮಾ ಹಾಕಿದ್ರು, ತಂಬಿ” ಅಂದ. “ಕೊಚ್ಚೋ ಹೊತ್ತಿಗೆ ಎಲ್ಲಾರೂ ಶಿಳ್ಳೆ. ನನ್ನ ಪಕ್ಕ ಕೂತವನು ಬೆನ್ನು ತಟ್ಟಿದ, ಹೆಂಗೈತೆ ಅಂತ. ಅವತ್ತು ಹಬ್ಬದೂಟ ಒಳಗಿಳೀಲಿಲ್ಲ ನಂಗೆ.”

“ಅದಕ್ಕೇ ಅಣ್ಣಾ, ಈ ಸಲ ನಿಜ ತೆಗೆಯೋಣ.”

“ನಿಜ ನಿಂಗೆ ಗೊತ್ತೈತಾ?”

“ನಾನೂ ಅಲ್ಲೇ ಇದ್ನಲ್ಲ.”

“ಹಂಗಾದ್ರೆ ಸಂಗಿಲಿ ಏನಂದ ಅಂತ ಹೇಳು.”

ಕದಿರವನ್ ಹೇಳಿದ. ಒಂದಕ್ಷರ ತಪ್ಪಲಿಲ್ಲ. ವೆಳ್ಳೈ ಪೊರಕೆಯನ್ನು ಗೋಡೆಗೆ ಒರಗಿಸಿದ.

“ಆ ಮಾತು ಸಿನಿಮಾದಲ್ಲಿ ಬರಬೇಕು. ಅವನ ಮಗಳು ಕೇಳಬೇಕು. ಬಂದ್ರೆ ಮಾಡ್ತೀನಿ, ಮರದ ಮಚ್ಚು ಕೊಡು. ನಾನೇ ಹೋಗಿ ಅವಳಿಗೆ ಹೇಳೋಣ ಅಂದ್ರೆ, ಅಂಗಡಿ ತನಕ ಹೋಗಿ ಎಷ್ಟೋ ಸಲ ಹಂಗೇ ತಿರುಗಿ ಬಂದಿದೀನಿ.”

“ಕರುಪ್ಪನಾಣೆ” ಅಂದ ಕದಿರವನ್, ಗುಡಿಯ ಬಾಗಿಲಲ್ಲೇ ನಿಂತು. ಕೊಟ್ಟ ಮಾತನ್ನು ಉಳಿಸಿಕೊಳ್ಳುವ ಮನಸ್ಸು ಆ ಹೊತ್ತಿಗೆ ಅವನಿಗೆ ಇತ್ತು ಅಂತಲೇ ಇಟ್ಟುಕೊಳ್ಳೋಣ.

ಶೂಟಿಂಗ್ ನವರಾತ್ರಿಯಲ್ಲಿ ಬಿತ್ತು. ಫೈಟ್ ಮಾಸ್ಟರ್ ಲೂರ್ದುಸಾಮಿ ಒಂದು ಮೂಟೆ ಮಚ್ಚು ತಂದಿದ್ದ. ಹತ್ತಿರದ ಶಾಟಿಗೆ ಹೊಳೆಯಲಿ ಅಂತ ಕೆಲವು ನಿಜವಾದ ಕಬ್ಬಿಣದವು, ಮಿಕ್ಕವು ಬೆಳ್ಳಿ ಬಣ್ಣ ಬಳಿದ ಮರದವು. ಮರದವು ಬೀಸಿದರೆ ಬೀಸಣಿಗೆ ಥರ ಕಾಣುತ್ತವೆ ಅಂತ ಕದಿರವನ್ ಎಂದೋ ಕೂಗಾಡಿದ್ದರಿಂದ ಅವುಗಳ ಹೊಟ್ಟೆಗೆ ಸೀಸ ತುಂಬಿಸಿ ತೂಕವನ್ನೂ ಸಮ ಮಾಡಿಸಿದ್ದರು. ಗುರುತಿಗೆ ಇದ್ದದ್ದು ಒಂದೇ: ಮರದ ಮಚ್ಚಿನ ಹಿಡಿಗೆ ಒಂದು ಕುಂಕುಮದ ಬೊಟ್ಟು. ಬೊಟ್ಟಿದ್ದರೆ ಬೀಸು, ಇಲ್ಲದಿದ್ದರೆ ಮುಟ್ಟಬೇಡ. ಫೈಟರ್‌ಗಳೆಲ್ಲ ಆ ಬೊಟ್ಟನ್ನು ನಂಬಿ ಕತ್ತು ಕೊಡುತ್ತಿದ್ದರು.

ಒಂಬತ್ತನೇ ದಿನ ಆಯುಧಪೂಜೆ. ಕ್ಯಾಮೆರಾ, ಲೈಟು, ಜನರೇಟರ್, ಅಡುಗೆಯವರ ಸೌಟು, ಎಲ್ಲವನ್ನೂ ಸಾಲಾಗಿ ಇಟ್ಟು ಗಂಧ ಕುಂಕುಮ ಹಚ್ಚಿದರು. ಬೂದುಗುಂಬಳ ಒಡೆದರು. ಮಚ್ಚುಗಳನ್ನು ಬಿಡುವುದುಂಟೇ? ಹೆಸರೇ ಆಯುಧಪೂಜೆ. ಲೈಟಿನವನೊಬ್ಬ ಭಕ್ತಿಯಿಂದ ಒಂದೊಂದರ ಹಿಡಿಗೂ ಕುಂಕುಮವಿಟ್ಟ. ಇಟ್ಟವನಿಗೂ ಹೊಳೆಯಲಿಲ್ಲ, ನಿಂತು ಕೈ ಮುಗಿದ ನೂರು ಜನಕ್ಕೂ ಹೊಳೆಯಲಿಲ್ಲ. ಲೂರ್ದುಸಾಮಿಯೂ ಕೊರಳ ಶಿಲುಬೆ ಹಿಡಿದುಕೊಂಡು ಮಂಗಳಾರತಿ ತಗೊಂಡ.

ಮರುದಿನ ವಿಜಯದಶಮಿ, ಬೆಳಗಿನ ಎಳೆಬಿಸಿಲಿಗೆ ಕೊಲೆಯ ಶಾಟ್. ಕದಿರವನ್ ದೊಡ್ಡ ಮೀಸೆ ಅಂಟಿಸಿಕೊಂಡು, ಸಂಗಿಲಿಯ ಪಂಚೆಯುಟ್ಟು ನೀರಿನಂಚಿಗೆ ಬಂದ. ಕ್ಯಾಮೆರಾದವನಿಗೆ ಅವನದು ಹಳೆಯ ಗುಟ್ಟಿನ ಕಟ್ಟಳೆ: ನಟನೆ ಗೊತ್ತಿಲ್ಲದವರು ‘ಆಕ್ಷನ್’ ಅಂದ ಕೂಡಲೇ ಕಲ್ಲಾಗುತ್ತಾರೆ, ಹಾಗಾಗಿ ರಿಹರ್ಸಲ್ ಅಂತ ಹೇಳುವುದು, ತಾನು ಹೆಗಲ ಟವೆಲ್ ತೆಗೆದರೆ ಸದ್ದಿಲ್ಲದೆ ಕ್ಯಾಮೆರಾ ಓಡಿಸುವುದು. ಅಣ್ಣನ ಮುಖವನ್ನೂ ಹಾಗೇ ಕದಿಯುವುದು ಅಂತ ಅವನ ಲೆಕ್ಕ.

ನೆಡುಮಾರನ್ ಮಾತಿನ ಹಾಳೆ ಓದಿದ. “ನಿಮ್ಮನೆ ಹೆಂಗಸರನ್ನ ಒಳಗೆ ಕೂಡಿಹಾಕ್ಕೊಳ್ರೋ…”

ವೆಳ್ಳೈಚ್ಚಾಮಿ ತಲೆಯೆತ್ತಿದ. “ಇದಲ್ಲ.”

“ಅಣ್ಣಾ, ಇದು ರಿಹರ್ಸಲ್ಲು” ಅಂದ ಕದಿರವನ್.

“ಕರುಪ್ಪನಾಣೆ ಹಾಕಿದ್ದೆ ನೀನು.”

“ಆ ಮಾತು ನಡೆಯಲ್ಲಣ್ಣಾ. ಮುಖ ತೊಳೀತೀನಿ ಅನ್ನೋನ್ನ ಕಡಿದ್ರೆ ಜನ ಸ್ಕ್ರೀನ್ ಹರೀತಾರೆ. ಯಾರನ್ನ ಹೀರೋ ಅನ್ನಬೇಕು ಆಗ?”

“ಯಾರನ್ನೂ ಅನ್ನಬೇಡ.”

ಬಿಸಿಲು ಏರುತ್ತಿತ್ತು. ಕದಿರವನ್‌ನ ಕೈ ತುರಿಸತೊಡಗಿತು. ನೂರು ಜನರ ಮುಂದೆ ಅಣ್ಣನ ಕೆನ್ನೆಗೆ ಬಾರಿಸಿದ. ಶೂಟಿಂಗ್ ನೋಡಲು ಏರಿಯ ಮೇಲೆ ನೆರೆದಿದ್ದ ಊರವರು ಇನ್ನಷ್ಟು ಮುಂದೆ ಒತ್ತಿ ಬಂದರು. “ಜೈಲಲ್ಲಿ ಕಸ ಗುಡಿಸಿ ಗುಡಿಸಿ ಗಂಡಸ್ತನ ಹೋಯ್ತಾ?” ಅಂದ. “ನಿನ್ನ ಹೆಸರು ಬೆಳ್ಳಿತೆರೆ ಮೇಲೆ ಬೆಳಗಿಸಿದ್ದು ನಾನು. ಇಲ್ದಿದ್ರೆ ನೀನೊಬ್ಬ ಬೆಳಬೆಳಿಗ್ಗೆ ಮುಖ ತೊಳೀತಿದ್ದೋನ ಕುತ್ತಿಗೆ ಕಡಿದ ಹೇಡಿ. ತಗೋ ಮಚ್ಚು.” ಇನ್ನೊಂದು ಏಟು ಹಾಕಿದ. ಅಣ್ಣನ ತುಟಿ ಒಡೆದು ರಕ್ತ ಬಂತು. ಇದೇ ಬೇಕಾಗಿತ್ತು, ಈ ಮುಖವೇ ಬೇಕಾಗಿತ್ತು ಅಂತ ಕದಿರವನ್‌ಗೆ ಒಳಗೊಳಗೇ ಖುಷಿಯಾಯಿತು. ಅದನ್ನು ಬರೆಯಲು ನನಗೆ ಹೇಸಿಗೆಯಾಗುತ್ತದೆ, ಆದರೆ ಆದದ್ದು ಹಾಗೆ.

ಲೂರ್ದುಸಾಮಿ ಹಿಡಿಯ ಬೊಟ್ಟು ನೋಡಿ ಒಂದು ಮಚ್ಚು ಎತ್ತಿ ಕೊಟ್ಟ. ವೆಳ್ಳೈಯ ಕೈ ಅದನ್ನು ಹಿಡಿದ ಕೂಡಲೇ ಒಂದು ಕ್ಷಣ ಹಾಗೇ ನಿಂತಿತು. ಮರ ಬೆಳಗಿನ ಹೊತ್ತು ಅಷ್ಟು ತಣ್ಣಗಿರುವುದಿಲ್ಲ. ಅವನು ಹೆಬ್ಬೆರಳಿಂದ ಅಲಗು ಸವರಿದ. ಹಿಡಿಯನ್ನು ಸರಿಮಾಡಿ ಹಿಡಿದುಕೊಂಡ.

ಕದಿರವನ್ ಟವೆಲ್ ತೆಗೆದು ಎಸೆದ. ನೀರಿನ ಬದಿಗೆ ಕುಕ್ಕರಗಾಲಲ್ಲಿ ಕೂತ. ಹಿಂದೆ ಹೆಜ್ಜೆ ಕೇಳಿತು. ತೊಡೆ ತಟ್ಟಿ ಆ ಮಾತು ಹೇಳೋಣ ಅಂತ ತಿರುಗಿದ. ಅಣ್ಣ ಹೆಗಲು ಓರೆ ಮಾಡಿ ಬರುತ್ತಿದ್ದ, ತಾನು ನಟರಿಗೆ ವರ್ಷಗಟ್ಟಲೆ ಒದ್ದು ಕಲಿಸಿದ್ದ ಅದೇ ನಡಿಗೆ. ಅಣ್ಣ ಎತ್ತಿ ಹಿಡಿದ ಮಚ್ಚಿನ ಅಂಚಿನ ಉದ್ದಕ್ಕೂ ಬಿಸಿಲು ಸಣ್ಣ ಗೆರೆಯಾಗಿ ಓಡಿತು. ಬೆಳ್ಳಿ ಬಣ್ಣ ಹಾಗೆ ಹೊಳೆಯುವುದಿಲ್ಲ ಅಂತ ಕದಿರವನ್‌ನಷ್ಟು ಚೆನ್ನಾಗಿ ಬಲ್ಲವರು ಯಾರಿದ್ದರು? ಅಣ್ಣನ ಮುಖ ನೋಡಿದ. ಅಣ್ಣನಿಗೆ ಗೊತ್ತು ಅಂತ ಗೊತ್ತಾಯಿತು.

ಕಾಲು ಜಾರಿ ಕೆಸರಿಗೆ ಬಿದ್ದ. ಪಂಚೆ ಒದ್ದೆಯಾಯಿತು. ಬಾಯಿಂದ ಹೊರಟದ್ದು ಹಾಳೆಯ ಮಾತಲ್ಲ. “ಇರು… ಸ್ವಲ್ಪ ಇರು ವೆಳ್ಳೈ” ಅಂತ ಗಂಟಲು ಸೀಳಿಕೊಂಡು ಅಂಗಲಾಚಿದ. ಅಣ್ಣನನ್ನು ಹೆಸರು ಹಿಡಿದು ಕರೆದದ್ದು ಹುಟ್ಟಿದಮೇಲೆ ಅದೇ ಮೊದಲು.

ಆ ಹೆಸರು ಕಿವಿಗೆ ಬಿದ್ದ ಕೂಡಲೇ ವೆಳ್ಳೈ ಕೈಯನ್ನು ಹೊರಗೆ ತಿರುವಿದ. ಮಚ್ಚು ತಲೆಯ ಪಕ್ಕದ ಕೆಸರಿಗೆ ಹೋಗುತ್ತಿತ್ತು, ಖಂಡಿತ ಹೋಗುತ್ತಿತ್ತು. ಆದರೆ ಕದಿರವನ್ ಕೈ ಅಡ್ಡ ಹಿಡಿದುಬಿಟ್ಟ. ಕೈ ಅಡ್ಡ ತಂದ ಫೈಟರ್‌ಗಳಿಗೆ ಅವನು ಚಪ್ಪಲಿಯಲ್ಲಿ ಹೊಡೆದದ್ದುಂಟು. ಬಲಗೈಯ ಕಿರುಬೆರಳು, ಉಂಗುರಬೆರಳು, ಅಂಗೈಯ ಅಂಚು ಸಮೇತ ಹಾರಿ ನೀರಿಗೆ ಬಿದ್ದವು. ರಕ್ತ ಅಣ್ಣನ ಎದೆಗೆ ಚಿಮ್ಮಿತು. ಏರಿಯ ಮೇಲಿದ್ದವರು ಇದೂ ಶೂಟಿಂಗೇ ಅಂದುಕೊಂಡು ಚಪ್ಪಾಳೆ ತಟ್ಟಿದರು. ಕ್ಯಾಮೆರಾ ಓಡುತ್ತಲೇ ಇತ್ತು.

ಮಧುರೆಯ ಆಸ್ಪತ್ರೆಗೆ ಪೊಲೀಸರು ಬಂದಾಗ ಕದಿರವನ್ ಕುಂಕುಮದ ಕಥೆ ಹೇಳಿದ. ಮರದ್ದು ಅಂತಲೇ ಅಣ್ಣ ಬೀಸಿದ, ಅವನ ತಪ್ಪೇನೂ ಇಲ್ಲ ಅಂದ. ಅವರು ಹೋದಮೇಲೆ ಬಾಗಿಲಲ್ಲಿ ನಿಂತಿದ್ದ ವೆಳ್ಳೈ, “ಕಬ್ಬಿಣ ಅಂತ ನಂಗೆ ಗೊತ್ತಿತ್ತು” ಅಂದ.

“ನಂಗೂ ಗೊತ್ತಿತ್ತು. ಸುಮ್ನಿರು.”

“ಕಡೀಬೇಕು ಅಂತಲೇ ಎತ್ತಿದ್ದೆ ತಂಬಿ.”

“ಗೊತ್ತು ಅಂದ್ನಲ್ಲ.”

ವೆಳ್ಳೈ ಊರಿಗೆ ಹೋಗಿ ಕರುಪ್ಪಸಾಮಿಗೆ ತಪ್ಪುಗಾಣಿಕೆ ಕಟ್ಟಿ, ಮತ್ತೆ ಪೊರಕೆ ಹಿಡಿದ.

ಮದರಾಸಿನಲ್ಲಿ ರೀಲು ತೊಳೆದು ಬಂದಾಗ ಕದಿರವನ್ ಆ ಶಾಟನ್ನು ಒಬ್ಬನೇ ಕೂತು ನೋಡಿದ. ಕೆಸರಲ್ಲಿ ಬಿದ್ದು ಬಾಯಿ ಬಿಡುತ್ತಿರುವ ತನ್ನನ್ನು ನೋಡಿ ಮೊದಲು ನಾಚಿಕೆಯಾಯಿತು, ಆಮೇಲೆ ಹಳೆಯ ಕಸುಬು ತಲೆಯೆತ್ತಿತು. ಇಷ್ಟು ನಿಜವಾದದ್ದನ್ನು ತಾನು ಯಾವತ್ತೂ ತೆಗೆದಿರಲಿಲ್ಲ. ಇದನ್ನು ಕತ್ತರಿಸುವ ಎದೆ ಅವನಿಗಿರಲಿಲ್ಲ.

ಆಗೆಲ್ಲ ಮಾತನ್ನು ಆಮೇಲೆ ಡಬ್ಬಿಂಗ್‌ನಲ್ಲಿ ಸೇರಿಸುತ್ತಿದ್ದರು. ತುಟಿ ಅಷ್ಟೇನೂ ಸ್ಪಷ್ಟವಿಲ್ಲ, ತೊಡೆ ತಟ್ಟುವ ಮಾತನ್ನೇ ಕೂರಿಸಬಹುದು ಅಂದ ನೆಡುಮಾರನ್. ಕದಿರವನ್ ತಲೆಯಾಡಿಸಿದ. “ಬೇಡ. ಸಂಗಿಲಿ ಏನಂದನೋ ಅದೇ ಇರಲಿ. ಪೂರ್ತಿ ಇರಲಿ.” ಕೊಟ್ಟ ಮಾತು ಕೊನೆಗೂ ಉಳಿಯಿತು ಅಂತ ಅವನಿಗೆ ಹಗುರವಾಯಿತು. ಮೈಕಿನ ಮುಂದೆ ನಿಂತು ಹೇಳಿದ, ಮತ್ತೆ ಮತ್ತೆ ಹೇಳಿದ. ಗಂಟಲಲ್ಲಿ ಆವತ್ತಿನ ಭಯ ಬರಲೇ ಇಲ್ಲ. ಬರೀ ಮಾತು ಬಂತು.

“ನೆಡುಮಾರಾ, ಬಾ ಇಲ್ಲಿ. ನನ್ನ ಕೆನ್ನೆಗೆ ಬಿಡು.”

“ಸಾರ್…”

“ನಿಜವಾಗಿ ಬಿಡೋ, ಕತ್ತೆ.”

ನೆಡುಮಾರನ್ ಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡ. ಆಮೇಲೆ ಬಾರಿಸಿದ ಏಟಿಗೆ ಮೈಕ್ ಕಂಬ ಉರುಳಿತು. ಕೇಳದೆಯೇ ಇನ್ನೊಂದು ಹಾಕಿದ, ಮತ್ತೊಂದು ಹಾಕಿದ. ಸೌಂಡ್ ಕೋಣೆಯಿಂದ ಹುಡುಗರು ಓಡಿ ಬಂದು ಹಿಡಿಯಬೇಕಾಯಿತು. ಮೂಗಿಂದ ರಕ್ತ ಸುರಿಯುತ್ತ ಕದಿರವನ್ ಮೈಕ್ ಎತ್ತಿಕೊಂಡು ಹೇಳಿದ. ಆ ಟೇಕು ಓಕೆ ಆಯಿತು. ನೆಡುಮಾರನ್ ಗಡಿಯಾರ ಕಟ್ಟಿಕೊಂಡು ಆಚೆ ಹೋದವನು ತಿರುಗಿ ಬರಲಿಲ್ಲ.

ಸಿನಿಮಾ ವೇಲಂಕುಳಂನ ಟೆಂಟ್ ಟಾಕೀಸಿಗೂ ಬಂತು. ಕದಿರವನ್ ಮೊದಲ ಆಟಕ್ಕೆ ತಲೆಗೆ ಟವೆಲ್ ಸುತ್ತಿಕೊಂಡು, ದೀಪ ಆರಿದಮೇಲೆ ಬೆಂಚಿನ ಕೊನೆಯಲ್ಲಿ ಕೂತ. ಮುಂದೆ ಹೆಂಗಸರ ಕಡೆ ರಾಕ್ಕಾಯಿ ಕೂತಿದ್ದಳು. ವೆಳ್ಳೈಯ ಹೆಂಡತಿ ಕರೆತಂದಿದ್ದಳು. ಅಷ್ಟು ಹೊತ್ತೂ ಪರದೆಯ ಮೇಲಿನ ಸಂಗಿಲಿ ಗುಡಿಸಲು ಸುಟ್ಟ, ಹೆಣ್ಣನ್ನು ಎಳೆದಾಡಿದ, ಮುದುಕನನ್ನು ತುಳಿದ. ಅದೆಲ್ಲ ಮೊದಲೇ ತೆಗೆದದ್ದು, ಬದಲಿಸುವ ಯೋಚನೆಯೇ ಅವನಿಗೆ ಬಂದಿರಲಿಲ್ಲ. ಕೊನೆಗೆ ಕೆರೆ ಬಂತು. “ಇರು… ಸ್ವಲ್ಪ ಇರು ವೆಳ್ಳೈ, ಮುಖ ತೊಳ್ಕೊಂಡು ಬರ್ತೀನಿ, ಕೂತು ಮಾತಾಡೋಣ.”

ಟೆಂಟು ಕಿತ್ತುಹೋಗುವಂತೆ ಶಿಳ್ಳೆ ಬಿತ್ತು. “ಈಗ ಬುದ್ಧಿ ಬಂತಾ ಮಗನೇ” ಅಂತ ಒಬ್ಬ, “ಕೊಚ್ಚಣ್ಣಾ, ಏನ್ ಕಾಯ್ತೀಯ” ಅಂತ ಇನ್ನೊಬ್ಬ. ಬೆರಳು ಹಾರಿದಾಗ ಜನ ಬೆಂಚು ಹತ್ತಿ ಕುಣಿದರು. ಕದಿರವನ್‌ಗೆ ಗೊತ್ತಿಲ್ಲದೆಯೇ ಅವನ ಮೂರು ಬೆರಳಿನ ಕೈ ಮುಖಕ್ಕೆ ಅಡ್ಡ ಬಂತು. ಪಕ್ಕದವನು ಅವನ ಬೆನ್ನು ತಟ್ಟಿ, “ಹೆಂಗೈತೆ?” ಅಂದ.

ಹೊರಗೆ ಬಂದಾಗ ರಾಕ್ಕಾಯಿ ಆಗಲೇ ಅಂಗಡಿಯ ಒಲೆ ಹೊತ್ತಿಸಿದ್ದಳು. ಹುಡುಗರು ಸುತ್ತುವರಿದಿದ್ದರು. ಒಬ್ಬ ನೆಲಕ್ಕೆ ಕುಕ್ಕರಿಸಿ, ಕೈ ಅಡ್ಡ ಹಿಡಿದು, ಅಳುವ ದನಿಯಲ್ಲಿ, “ಸ್ವಲ್ಪ ಇರು ರಾಕ್ಕಾಯಕ್ಕಾ, ಮುಖ ತೊಳ್ಕೊಂಡ್ ಬರ್ತೀನಿ, ಆಮೇಲೆ ಟೀ ಕೊಡು” ಅಂದ. ಮಿಕ್ಕವರು ಬಿದ್ದು ಬಿದ್ದು ನಕ್ಕರು. ತೊಡೆ ತಟ್ಟುವ ಮಾತು ಹಳತಾಗಿತ್ತು, ಹೊಸದು ಸಿಕ್ಕಿತ್ತು.

ಕದಿರವನ್ ನುಗ್ಗಿ ಅವನ ಕೆನ್ನೆಗೆ ಬಾರಿಸಿದ. ಮೂರು ಬೆರಳಿನ ಏಟು, ಸದ್ದೂ ಬರಲಿಲ್ಲ. ಟವೆಲ್ ಜಾರಿತು. ಹುಡುಗ ಕೆನ್ನೆ ಸವರಿಕೊಂಡು ಕಣ್ಣರಳಿಸಿದ.

“ಅಯ್ಯೋ, ಡೈರೆಕ್ಟರ್ ಸಾರಾ? ಸಾರ್, ಏನ್ ಆ್ಯಕ್ಟಿಂಗ್ ಸಾರ್. ನಮ್ಮೆದುರಿಗೆ ಒಂದ್ಸಲ ಹೇಳಿ ಸಾರ್ ಆ ಡೈಲಾಗು.”

“ಹೇಳಿ ಸಾರ್, ಹೇಳಿ” ಅಂದರು ಎಲ್ಲರೂ.

ರಾಕ್ಕಾಯಿ ಸೋಸುತ್ತಿದ್ದ ಟೀ ಕೆಳಗಿಟ್ಟಳು. “ವೆಳ್ಳೈಯವರ ಹೆಂಡ್ತಿ ಹೇಳಿದ್ಲು, ಅದು ನಮ್ಮಪ್ಪ ಆಡಿದ ಮಾತಂತೆ” ಅಂದಳು. “ನೀವು ಕೇಳಿದ್ರಂತೆ. ಹಿಂಗೇ ಅಂಗಲಾಚಿದ್ರಾ ನಮ್ಮಪ್ಪ?”

“ಇಲ್ಲ” ಅಂದ ಕದಿರವನ್. “ಅದು ನಾನು.”

“ಹಂಗಾದ್ರೆ ಅಪ್ಪ ಹೆಂಗಂದ್ರೋ ಹಂಗೇ ಹೇಳಿ.”

ಅವನು ಜಾರಿದ ಟವೆಲ್ ಎತ್ತಿಕೊಂಡ. ಕೆರೆಯ ಕಡೆ ನೋಡಿದ. ಆಮೇಲೆ ಸುಮ್ಮನೆ, ಪಕ್ಕದ ಮನೆಯವನಿಗೆ ಹೇಳುವ ಹಾಗೆ, ದನಿ ಏರಿಸದೆ, ಹೆದರದೆ ಹೇಳಿದ: “ಸ್ವಲ್ಪ ಇರು ವೆಳ್ಳೈ, ಮುಖ ತೊಳ್ಕೊಂಡು ಬರ್ತೀನಿ. ಕೂತು ಮಾತಾಡೋಣ.”

ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಥೋ, ಸಿನಿಮಾದಲ್ಲೇ ಚೆನ್ನಾಗಿತ್ತು ಸಾರ್” ಅಂತ ಆ ಹುಡುಗ ಲೋಟ ಎತ್ತಿಕೊಂಡ. ಒಬ್ಬೊಬ್ಬರಾಗಿ ಬಸ್ಸಿನ ಕಡೆ ಹೋದರು.

ರಾಕ್ಕಾಯಿ ಸೆರಗಿನಿಂದ ಕೈ ಒರೆಸಿಕೊಂಡು ಒಲೆಯ ಹಿಂದಿನಿಂದ ಈಚೆ ಬಂದಳು.

“ಇನ್ನೊಂದ್ಸಲ ಹೇಳಿ” ಅಂದಳು.